ಸ್ಕ್ರೀನ್ ಬದಲಿಸುವ ಮುಂಚೆ ಒಂದು ಸಲ ವೋಲ್ಟ್ ನೋಡಿ

ಕಾರಿನ ಸ್ಕ್ರೀನ್ ಆಗಾಗ ಆಫ್ ಆಗುತ್ತಿದೆ ಅಂದರೆ ಜನ ಮೊದಲು ಕೇಳುವುದು ಹೊಸ ಸ್ಕ್ರೀನಿನ ಬೆಲೆ. "ಅಣ್ಣಾರ, ಇದು ಹೋಗೇತ್ರಿ, ಹೊಸಾದಕ್ಕ ಎಷ್ಟಾಗ್ತದ?" ನಾನು ಪುಣೆಯಲ್ಲಿ ಕಾರಿನ ಎಲೆಕ್ಟ್ರಿಷಿಯನ್. ನನ್ನ ಹತ್ತಿರ ಬರುವ ಕನ್ನಡದವರು ಹೆಚ್ಚಾಗಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರು. ಹಿಂಜವಡಿಯ ಐಟಿ ಕಂಪನಿಯಲ್ಲೋ ಚಿಂಚ್‌ವಡದಲ್ಲೋ ಕೆಲಸ, ಮನೆಗೊಂದು ಕಾರು, ಹಬ್ಬಕ್ಕೆ ಊರಿಗೆ ಓಡಾಟ. ನಾನು ಬೆಲೆ ಹೇಳುವುದಿಲ್ಲ. ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಿಡಿಯುತ್ತೇನೆ. ಸ್ಕ್ರೀನ್ ಕೆಟ್ಟರೆ ಇವನು ಬ್ಯಾಟರಿ ಯಾಕೆ ನೋಡ್ತಾನೆ ಅಂತ ಕೆಲವರಿಗೆ ಅನುಮಾನವೂ ಬರುತ್ತದೆ.

ಈಗಿನ ಕಾರಿನೊಳಗೆ ಸಣ್ಣ ಸಣ್ಣ ಕಂಪ್ಯೂಟರ್‌ಗಳು ಬೇಕಾದಷ್ಟಿವೆ. ಇಂಜಿನ್ನಿಗೊಂದು, ಏರ್‌ಬ್ಯಾಗಿಗೊಂದು, ಬಾಗಿಲು-ಲೈಟುಗಳಿಗೊಂದು, ಸ್ಕ್ರೀನ್ ಇರುವ ಸ್ಟೀರಿಯೋ ಅಂತೂ ಪೂರ್ತಿ ಕಂಪ್ಯೂಟರೇ. ಬಲ್ಬು, ಹಾರ್ನ್ ಇವೆಲ್ಲ 11 ವೋಲ್ಟ್‌ಗೂ ಹೇಗೋ ನಡೆದುಬಿಡುತ್ತವೆ. ಕಂಪ್ಯೂಟರ್ ಹಾಗಲ್ಲ. ಅಪಾರ್ಟ್‌ಮೆಂಟ್ ಸೊಸೈಟಿಯ ಟ್ಯಾಂಕಿನಲ್ಲಿ ನೀರು ತಳ ಹಿಡಿದಾಗ ಮೊದಲು ಕೂಗೋದು ಮೇಲಿನ ಮಹಡಿಯವರು ಅಲ್ವಾ, ಇಲ್ಲೂ ಅಷ್ಟೇ. ವೋಲ್ಟ್ ಇಳಿದಾಗ ಸ್ಕ್ರೀನ್ ರೀಸ್ಟಾರ್ಟ್ ಆಗುತ್ತದೆ, ಪವರ್ ಸ್ಟೀರಿಂಗಿನ ದೀಪ ಹತ್ತುತ್ತದೆ, ಬ್ರೇಕಿನ ಎಬಿಎಸ್ ದೀಪ ಹತ್ತುತ್ತದೆ. ನಾಲ್ಕು ಭಾಗ ಒಟ್ಟಿಗೇ ಕೆಟ್ಟವು ಅಂತ ಓನರ್ ಗಾಬರಿಯಾಗುತ್ತಾರೆ. ನಾಲ್ಕು ಭಾಗ ಒಂದೇ ದಿನ ಕೆಡೋದು ಅಪರೂಪ. ನಾಲ್ಕಕ್ಕೂ ಸೇರಿದ ಒಂದು ಜಾಗ ಕೆಟ್ಟಿರುತ್ತದೆ. ಅದನ್ನು ಹುಡುಕುವುದೇ ನಮ್ಮ ಕೆಲಸ.

ವೋಲ್ಟ್, ಕರೆಂಟ್ ಅಳೆಯುವ ಈ ಮಲ್ಟಿಮೀಟರ್ ದುಬಾರಿ ಸಾಮಾನಲ್ಲ. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಸಾಲಾಗಿ ಸಿಗುತ್ತವೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಕೂತಿದೆ. ಆಮೇಲೆ ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ, ಮೀಟರ್ ನೋಡುತ್ತಿರಿ. ಆ ಹೊತ್ತಿಗೆ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಚಾರ್ಜಿಂಗನ್ನು ಕಂಪ್ಯೂಟರೇ ಏರಿಳಿಸುತ್ತದೆ. ಅಲ್ಲಿ ಸ್ವಲ್ಪ ಹೊತ್ತು 12.8 ಕಂಡರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಯಿತು ಅಂತ ಬಿಚ್ಚಲು ಹೋಗಬೇಡಿ. ಹೆಡ್‌ಲೈಟ್, ಎಸಿ ಹಾಕಿ ಮತ್ತೆ ನೋಡಿ.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಕಾರಿದ್ದವರಿಗೆ ಒಂದು ಮಾತು. ಆ ಸೌಲಭ್ಯ ಸುಮಾರು ದಿನಗಳಿಂದ ಕೆಲಸ ಮಾಡುತ್ತಿಲ್ಲ ಅಂದರೆ ಬ್ಯಾಟರಿ ಸೋಲುತ್ತಿರುವ ಸೂಚನೆ ಇರಬಹುದು. ಆ ಕಾರಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿ ಬೇಕು. ಎರಡು ಸಾವಿರ ಉಳಿಯುತ್ತದೆ ಅಂತ ಸಾದಾ ಬ್ಯಾಟರಿ ಹಾಕಿಸಿದರೆ ಅದು ಬೇಗ ಹೋಗುತ್ತದೆ.

ಬ್ಯಾಟರಿ ಸರಿ ಇದ್ದರೆ ಮುಂದಿನ ಅನುಮಾನ ಅರ್ಥ್ ಮೇಲೆ. ಪ್ಲಸ್ ವೈರನ್ನು ಎಲ್ಲರೂ ನೋಡುತ್ತಾರೆ, ಫ್ಯೂಸೂ ನೋಡುತ್ತಾರೆ. ಹೋದ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರಬೇಕಲ್ಲ, ಆ ದಾರಿ ಯಾರಿಗೂ ನೆನಪಿರುವುದಿಲ್ಲ. ಹೋದ ಮಳೆಗಾಲದಲ್ಲಿ ಕೋಥ್ರೂಡಿನ ಒಂದು ಹ್ಯಾಚ್‌ಬ್ಯಾಕ್ ಬಂತು. ಎಡಗಡೆ ಇಂಡಿಕೇಟರ್ ಹಾಕಿದರೆ ಅದೇ ಕಡೆಯ ಬ್ರೇಕ್ ಲೈಟೂ ಮಂದವಾಗಿ ಮಿಣುಕುತ್ತಿತ್ತು. ರಿವರ್ಸ್ ಹಾಕಿ ಬ್ರೇಕ್ ಒತ್ತಿದರೆ ಕ್ಯಾಮೆರಾದ ಚಿತ್ರವೆಲ್ಲ ಗೆರೆಗೆರೆ. ಒಂದು ಕಡೆ ಕ್ಯಾಮೆರಾ ಬದಲಿಸಿ ಎಂದಿದ್ದರಂತೆ, ಇನ್ನೊಂದು ಕಡೆ ಸ್ಕ್ರೀನನ್ನೇ ಬದಲಿಸಿ ಎಂದಿದ್ದರಂತೆ.

ಇಂಡಿಕೇಟರ್ ಜೊತೆ ಬ್ರೇಕ್ ಲೈಟ್ ಮಿಣುಕಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕ ಹಾಗೆ. ಇಂಡಿಕೇಟರಿನ ಕರೆಂಟಿಗೆ ಅರ್ಥ್ ದಾರಿ ಮುಚ್ಚಿದೆ, ಅದಕ್ಕೆ ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗಿ ವಾಪಸ್ ಹೋಗುತ್ತಿದೆ. ಬ್ರೇಕ್ ಮತ್ತು ಇಂಡಿಕೇಟರ್ ಎರಡನ್ನೂ ಹಾಕಿಸಿ, ಮೀಟರಿನ ಕಪ್ಪು ಕಡ್ಡಿಯನ್ನು ಉದ್ದ ವೈರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸಿದೆ. ಕೆಂಪು ಕಡ್ಡಿಯನ್ನು ಹಿಂದಿನ ಲೈಟಿನ ಅರ್ಥ್ ಪಿನ್ನಿಗೆ ಹಿಡಿದೆ. ಅಲ್ಲಿ 0.1, ಬಹಳ ಅಂದರೆ 0.2 ವೋಲ್ಟ್ ಕಾಣಬೇಕು. ಹತ್ತಿರಹತ್ತಿರ 2 ವೋಲ್ಟ್ ಕಂಡಿತು. ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ತೆಗೆದರೆ ಅರ್ಥ್ ಬೋಲ್ಟ್ ಸಿಕ್ಕಿತು. ಕೆಲವು ತಿಂಗಳ ಹಿಂದೆ ಆ ಮೂಲೆಯಲ್ಲಿ ಡೆಂಟಿಂಗ್-ಪೇಂಟಿಂಗ್ ಆಗಿತ್ತು. ಪೇಂಟ್ ಮಾಡಿದವರು ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಹೊಡೆದು, ಅದರ ಮೇಲೆಯೇ ವೈರಿನ ತುದಿಯ ಲೋಹದ ಬಳೆ (ಲಗ್) ಇಟ್ಟು ಬಿಗಿ ಮಾಡಿದ್ದರು. ಆಮೇಲೆ ಹಾಕಿಸಿದ ಕ್ಯಾಮೆರಾದ ಕಪ್ಪು ವೈರೂ ಅದೇ ಬೋಲ್ಟಿಗೆ. ಬೋಲ್ಟಿನ ಎಳೆಗಳ ಮೂಲಕ ಇಷ್ಟು ದಿನ ಹೇಗೋ ನಡೆದಿತ್ತು. ಮಳೆ ಬಂದು ಹಸಿರು ಕಿಲುಬು ಹಿಡಿದಾಗ ಅದೂ ನಿಂತಿತು. ಉಪ್ಪು ಕಾಗದದಿಂದ ಬಣ್ಣ ಕೆರೆದು, ಬಿಳಿ ಲೋಹ ಕಾಣಿಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮೀಟರ್ 0.04ಕ್ಕೆ ಇಳಿಯಿತು, ಚಿತ್ರವೂ ಸ್ಪಷ್ಟವಾಯಿತು.

ಹಿಂಬದಿಯಲ್ಲಿ ಇನ್ನೊಂದು ಜಾಗವೂ ಪದೇ ಪದೇ ಕಾಡುತ್ತದೆ. ಡಿಕ್ಕಿಯ ಬಾಗಿಲಿಗೆ ವೈರುಗಳು ಹೋಗುವ ಆ ಕಪ್ಪು ರಬ್ಬರ್ ಕೊಳವೆ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಒಳಗೆ ವೈರು ತುಂಡಾಗಿರುತ್ತದೆ. ನಂಬರ್ ಪ್ಲೇಟ್ ಲೈಟ್, ಹಿಂದಿನ ವೈಪರ್, ಕ್ಯಾಮೆರಾ ಇವುಗಳಲ್ಲಿ ಎರಡು ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಮೊದಲು ಆ ರಬ್ಬರ್ ಎಳೆದು ನೋಡಿ.

ಇನ್ನು ಬ್ಯಾಟರಿ ತಾನಾಗಿ ಇಳಿಯುವ ದೂರು. ಮನೆಯಿಂದಲೇ ಕೆಲಸ ಶುರುವಾದ ಮೇಲೆ ಇದು ಜಾಸ್ತಿಯಾಗಿದೆ. ಕಾರು ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಆಫ್ ಆಗಿ ನಿಂತ ಕಾರೂ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ, 20ರಿಂದ 50 ಮಿಲಿಆಂಪ್ ತಪ್ಪಲ್ಲ. 30 ಮಿಲಿಆಂಪ್ ಅಂದರೂ ತಿಂಗಳಿಗೆ 21 ಆಂಪ್-ಅವರ್ ಚಿಲ್ಲರೆ (ಆಂಪ್-ಅವರ್ ಅಂದರೆ ಬ್ಯಾಟರಿಯ ಚಾರ್ಜಿನ ಅಳತೆ). 45 ಆಂಪ್-ಅವರ್ ಬ್ಯಾಟರಿಯಲ್ಲಿ ಹತ್ತಿರಹತ್ತಿರ ಅರ್ಧ ಖಾಲಿ. ತಿಂಗಳು ಊರಿಗೆ ಹೋಗಿ ಬಂದವರ ಕಾರು ಗೊರಗೊರ ಅಂದರೆ ಅದು ಕೆಟ್ಟಿದೆ ಅಂತಲ್ಲ. ಆದರೆ 400 ಮಿಲಿಆಂಪ್ ಎಳೆಯುತ್ತಿದ್ದರೆ ದಿನಕ್ಕೆ 9.6 ಆಂಪ್-ಅವರ್ ಹೋಯಿತು. ನಾಲ್ಕನೇ ದಿನ ಸೆಲ್ಫ್ ಹೊಡೆಯುವುದಿಲ್ಲ.

ಇದನ್ನು ಅಳೆಯುವುದರಲ್ಲಿ ಅವಸರ ನಡೆಯುವುದಿಲ್ಲ. ಮೀಟರನ್ನು 10 ಆಂಪ್ ತೂತಿಗೆ ಹಾಕಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಬ್ಯಾಟರಿಯ ನಡುವೆ ಜೋಡಿಸಬೇಕು. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರ್ ಗೋವಿಂದ. ಕೀ ಇಲ್ಲದೆ ಬಟನ್ ಒತ್ತುವ ಕಾರಾದರೆ ಕೀಯನ್ನು ದೂರ ಇಟ್ಟು ಬನ್ನಿ, ಹತ್ತಿರವಿದ್ದರೆ ಕಾರು ಎಚ್ಚರವಾಗುತ್ತದೆ. ಫ್ಯೂಸ್ ಬಾಕ್ಸ್ ಬಾಗಿಲ ಕಡೆ ಇದ್ದರೆ ಬಾಗಿಲು ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಹಾಗೆ ತಿರುಗಿಸಿ ಇಡಿ. ಮೊದಲಿಗೆ ಆಂಪ್‌ಗಟ್ಟಲೆ ತೋರಿಸುತ್ತದೆ, ಹೆದರಬೇಡಿ. ಒಳಗಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು. ಹೋಗಿ ಚಹಾ ಕುಡಿದು ಬನ್ನಿ. ಆಮೇಲೂ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುವವರಿದ್ದಾರೆ. ನನಗೆ ಆ ಪದ್ಧತಿ ಇಷ್ಟವಿಲ್ಲ. ಫ್ಯೂಸ್ ಕಿತ್ತು ಹಾಕಿದಾಗ ಮಲಗಿದ್ದು ಏಳುತ್ತದೆ, ತಪ್ಪು ಮಾಡುತ್ತಿದ್ದದ್ದು ರೀಸೆಟ್ ಆಗಿ ಸುಮ್ನಾಗುತ್ತದೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅವುಗಳ ಮೇಲೆ ಹಿಡಿಯಿರಿ. ಸೊನ್ನೆ ಇದ್ದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ.

ಹೀಗೆ ಹುಡುಕಿದಾಗ ಸಿಗುವ ಕಳ್ಳರು ಹೆಚ್ಚಾಗಿ ಹೊರಗಿನಿಂದ ಬಂದವರೇ. ಕಾರಿನ ದೋಷ ಓದುವ ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ಟಿನಲ್ಲಿ ಮರೆತ ಜಿಪಿಎಸ್ ಟ್ರ್ಯಾಕರ್. ಪಾರ್ಕಿಂಗ್ ಮೋಡಿನಲ್ಲಿ ರಾತ್ರಿಯಿಡೀ ಎದ್ದಿರುವ ಡ್ಯಾಶ್‌ಕ್ಯಾಮ್. ಹೊರಗಡೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋ. ಈ ಸ್ಟೀರಿಯೋಗಳಲ್ಲಿ ಹಳದಿ ವೈರು ಯಾವಾಗಲೂ ಕರೆಂಟ್ ಇರುವಲ್ಲಿಗೆ, ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವಲ್ಲಿಗೆ ಹೋಗಬೇಕು. ಎರಡನ್ನೂ ಒಟ್ಟಿಗೆ ಸುತ್ತಿ ಯಾವಾಗಲೂ ಕರೆಂಟ್ ಇರುವಲ್ಲಿಗೇ ಕೊಟ್ಟರೆ ಸ್ಟೀರಿಯೋ ಮಲಗುವುದೇ ಇಲ್ಲ. ಎರಡನ್ನೂ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವಲ್ಲಿಗೆ ಕೊಟ್ಟರೆ ದಿನಾ ಬೆಳಗ್ಗೆ ಗಡಿಯಾರ, ರೇಡಿಯೋ ಸ್ಟೇಷನ್ ಎಲ್ಲ ಮರೆತಿರುತ್ತದೆ. ಗಡಿಯಾರ ಮರೆಯುವ ಸ್ಟೀರಿಯೋ ಕೆಟ್ಟಿಲ್ಲ, ವೈರಿಂಗ್ ತಪ್ಪಿದೆ.

ಫೋನಿನ ಕಥೆ ಬೇರೆ. ಸ್ಕ್ರೀನಿನಲ್ಲಿ ರೇಡಿಯೋ, ಕ್ಯಾಮೆರಾ ಎಲ್ಲ ಸರಿ ಇದ್ದು ಫೋನಿನ ಮ್ಯಾಪ್, ಹಾಡು ಸ್ಕ್ರೀನಿಗೆ ತರುವ ಆಂಡ್ರಾಯ್ಡ್ ಆಟೋ ಮಾತ್ರ ಬರುತ್ತಿಲ್ಲವಾದರೆ ನನ್ನ ಹತ್ತಿರ ಬರುವ ಅಗತ್ಯವೇ ಇಲ್ಲ. ಕೇಬಲ್ ಬದಲಿಸಿ, ಚಾರ್ಜ್ ಮಾತ್ರ ಆಗುವ ಕೇಬಲ್ಲುಗಳೂ ಸಿಗುತ್ತವೆ. ಫೋನಿನ ತೂತಿನಲ್ಲಿ ಜೇಬಿನ ದೂಳು, ನೂಲು ತುಂಬಿರುತ್ತದೆ, ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ವೈರ್ ಇಲ್ಲದೆ ಜೋಡಿಸುವವರು ಒಂದು ತಿಳಿದಿರಲಿ: ಮೊದಲ ಪರಿಚಯ ಬ್ಲೂಟೂತ್‌ನಲ್ಲಿ, ಆಮೇಲಿನ ಕೆಲಸವೆಲ್ಲ ವೈಫೈ ಮೇಲೆ. ಫೋನಿನಲ್ಲಿ ವೈಫೈ ಆಫ್ ಇದ್ದರೆ ನಡೆಯುವುದಿಲ್ಲ. ಆಫೀಸಿನ ವಿಪಿಎನ್ ಹಾಕಿದ್ದರೂ ತಕರಾರು ಬರಬಹುದು. ಹಿಂಜವಡಿ ಮಂದಿ ಇದನ್ನು ಮೊದಲು ನೋಡಿಕೊಳ್ಳಿ. ಕಾರಿನಲ್ಲೂ ಫೋನಿನಲ್ಲೂ ಹಳೆಯ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ. ಇನ್ನೊಬ್ಬರ ಫೋನ್ ಹಾಕಿ ನೋಡಿದರೆ ತಪ್ಪು ಯಾರದು ಅಂತ ಅಲ್ಲೇ ಗೊತ್ತಾಗುತ್ತದೆ.

ಸ್ಕ್ರೀನೇ ನಿಜವಾಗಿ ಕೆಟ್ಟಿರುವುದೂ ಉಂಟು. ಯಾರೂ ಮುಟ್ಟದೆ ತಾನೇ ಒತ್ತಿಕೊಳ್ಳುತ್ತಿದ್ದರೆ, ಅಂಚಿನಲ್ಲಿ ಗುಳ್ಳೆ ಎದ್ದಿದ್ದರೆ, ಮೇ ತಿಂಗಳ ಬಿಸಿಲಲ್ಲಿ ನಿಂತು ಬಂದಾಗ ಹೆಚ್ಚಾದರೆ ಟಚ್ ಗಾಜು ಹೋಗಿದೆ ಅನ್ನಬಹುದು. ಆದರೂ ಮೇಲೆ ಅಂಟಿಸಿದ ಸ್ಕ್ರೀನ್ ಗಾರ್ಡ್ ಕಿತ್ತು ನೋಡಿ. ಅಂಚಿಗೆ ಒತ್ತಿಕೊಂಡಿದ್ದರೆ ಅದೂ ಬೆರಳು ಇಟ್ಟಂತೆಯೇ ಆಗುತ್ತದೆ.

ಸ್ಕ್ಯಾನರ್ ಬಗ್ಗೆ ಜನರಿಗೆ ವಿಪರೀತ ನಂಬಿಕೆ. ಬ್ಯಾಟರಿ ಇಳಿದ ಕಾರಿಗೆ ಸ್ಕ್ಯಾನರ್ ಹಾಕಿದರೆ 'ಯು' ಅಕ್ಷರದ ಕೋಡುಗಳು ಸಾಲಾಗಿ ಬರುತ್ತವೆ. ಒಂದು ಕಂಪ್ಯೂಟರಿಗೆ ಇನ್ನೊಂದರ ಮಾತು ಕೇಳಲಿಲ್ಲ ಅಂತ ಅವುಗಳ ಅರ್ಥ, ಬದಲಿಸಿ ಅಂತಲ್ಲ. ಬ್ಯಾಟರಿ ಚಾರ್ಜ್ ಮಾಡಿ, ಕೋಡ್ ಅಳಿಸಿ, ಎರಡು ದಿನ ಓಡಿಸಿ, ಯಾವುದು ವಾಪಸ್ ಬರುತ್ತದೆ ನೋಡಬೇಕು. ವಾಪಸ್ ಬಂದರೆ ಬ್ಯಾಟರಿ ಬಿಚ್ಚಿ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ಸ್ ಅಳೆಯುತ್ತೇವೆ. ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಎರಡು ವೈರುಗಳು ಅಲ್ಲಿಗೆ ಬರುತ್ತವೆ. ಹೆಚ್ಚಿನ ಕಾರುಗಳಲ್ಲಿ ಅಲ್ಲಿ 60 ಬರಬೇಕು, ಆ ವೈರುಗಳ ಎರಡು ತುದಿಗಳಲ್ಲಿ 120ರ ಒಂದೊಂದು ರೆಸಿಸ್ಟರ್ ಪ್ಯಾರಲಲ್ ಆಗಿ ಇರುವುದರಿಂದ. 120 ಬಂದರೆ ಒಂದು ತುದಿ ಕಡಿದಿದೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಇಲಿ ಇದ್ದರೆ ಅವು ವೈರು ಕಡಿದಿವೆಯಾ ಅಂತ ಮೊದಲು ನೋಡುತ್ತೇನೆ.

ನೀವು ಮುಟ್ಟಬಾರದ್ದು ಒಂದಿದೆ. ಸ್ಟೀರಿಂಗ್ ಮೇಲಿನ ಬಟನ್, ಹಾರ್ನ್ ಸತ್ತು ಜೊತೆಗೆ ಏರ್‌ಬ್ಯಾಗ್ ದೀಪ ಹತ್ತಿದರೆ ಸ್ಟೀರಿಂಗ್ ಒಳಗಿನ ಸುರುಳಿ ಪಟ್ಟಿ ತುಂಡಾಗಿರುವ ಸಾಧ್ಯತೆ ಜಾಸ್ತಿ. ಅಲ್ಲಿ ವೈರು ಜೋಡಿಸುವ ಹಳದಿ ಕಪ್ಲರುಗಳು ಏರ್‌ಬ್ಯಾಗಿನವು. ಅವಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಏರ್‌ಬ್ಯಾಗ್ ಮುಖಕ್ಕೇ ಸಿಡಿಯಬಹುದು.

ಮಳೆಗಾಲದಲ್ಲಿ ವೈಪರ್ ಕೆಳಗಿನ ಜಾಲರಿಯ ಎಲೆ ತೆಗೆಯಿರಿ, ಸನ್‌ರೂಫ್ ಇದ್ದರೆ ಅದರ ನೀರು ಹೋಗುವ ಪೈಪುಗಳನ್ನೂ ನೋಡಿಸಿ. ಕಟ್ಟಿಕೊಂಡರೆ ನೀರು ಡ್ಯಾಶ್‌ಬೋರ್ಡಿನ ಹಿಂದೆ ಇಳಿದು ಕಪ್ಲರುಗಳಿಗೆ ಕಿಲುಬು ಹಿಡಿಸುತ್ತದೆ. ಕಾಲಡಿಯ ಮ್ಯಾಟಿನ ಕೆಳಗೆ ಕೈಯಿಟ್ಟು ಒದ್ದೆ ಇದೆಯಾ ನೋಡಿ. ಪೂರ್ತಿ ಮುಳುಗಿದ ಕಾರಿನ ವಿಷಯ ಬೇರೆ. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿದ್ದು ನೆನಪಿರಬೇಕಲ್ಲ. ಅಂಥ ಕಾರಿಗೆ ಕೀ ತಿರುಗಿಸಲೇಬೇಡಿ. ನೆಗೆಟಿವ್ ಬಿಚ್ಚಿ, ಟೋ ಮಾಡಿಸಿ. ನೀರು ಹೊಕ್ಕ ಇಂಜಿನ್ನಿಗೆ ಸೆಲ್ಫ್ ಹೊಡೆದು ಹಾಳು ಮಾಡಿಕೊಂಡರೆ, ಇಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದಲ್ಲಿ ವಿಮೆಯವರು ಸಾಮಾನ್ಯವಾಗಿ ಕೊಡುವುದಿಲ್ಲ.

ಎಲೆಕ್ಟ್ರಿಕ್ ಕಾರಿನವರೂ ಈಗ ಕೇಳುತ್ತಾರೆ, ನಮಗೆ ಈ ಗೋಳೆಲ್ಲ ಇಲ್ಲ ಅಲ್ವಾ ಅಂತ. ಇದೆ. ದೊಡ್ಡ ಬ್ಯಾಟರಿಯಲ್ಲಿ 80 ಶೇಕಡಾ ಇದ್ದರೂ ಒಳಗೊಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಕೂತರೆ ಸ್ಕ್ರೀನ್ ಬರುವುದಿಲ್ಲ, ಕಾರು ಆನ್ ಆಗುವುದೂ ಇಲ್ಲ. ಹೆಚ್ಚಿನ ಕಾರುಗಳಲ್ಲಿ ಅದನ್ನೂ ಮೇಲೆ ಹೇಳಿದ ಹಾಗೆ, ಕಾರು ನಿಂತಿರುವಾಗ ಅಳೆಯಬಹುದು. ಆದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಆ ಕೆಲಸಕ್ಕೆ ತರಬೇತಿ ಪಡೆದವರ ಹತ್ತಿರವೇ ಒಯ್ಯಿರಿ, ನನ್ನಂಥ ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಹತ್ತಿರ ಬೇಡ.