ಹಿಂಡಿದ ಜೇನಿನಲ್ಲಿ ಧೂಳಿನ ಲೆಕ್ಕ ಸಿಗುವುದಿಲ್ಲ

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ರೈತರು ಪರೀಕ್ಷೆಗೆ ಜೇನು ತಂದು, "ಫ್ಯಾಕ್ಟರಿ ಧೂಳು ಇದರಾಗ ಎಷ್ಟೈತಿ ನೋಡ್ರಿ" ಅನ್ನುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದರೆ ತರುವುದು ಹೆಜ್ಜೇನಿನ ಹುಟ್ಟನ್ನು ಕೈಯಲ್ಲಿ ಹಿಂಡಿ ಹಳೇ ತಗಡಿನ ಡಬ್ಬಿಗೆ ಸುರಿದ ಜೇನು. ಎಷ್ಟು ಸಲ ಹೇಳಿದರೂ ಹಿಂಡುವುದು ನಿಂತಿಲ್ಲ.

ಹುಟ್ಟಿನಲ್ಲಿ ಜೇನಿನ ಕೋಣೆಗಳ ಪಕ್ಕದಲ್ಲೇ ಮರಿಗಳಿಗೆಂದು ಕೂಡಿಟ್ಟ ಪರಾಗದ ಕೋಣೆಗಳೂ ಇರುತ್ತವೆ. ಹಿಂಡಿದರೆ ಅವೂ ಒಡೆದು ಜೇನಿಗೆ ಸೇರುತ್ತವೆ. ಹೂಜೇನಿನಲ್ಲಿ ಖನಿಜ ಸಾಮಾನ್ಯವಾಗಿ ಶೇ. 0.6ರೊಳಗೆ, ಅದರಲ್ಲೂ ಬಹುಪಾಲು ಪೊಟ್ಯಾಸಿಯಂ. ಪರಾಗದಲ್ಲಿ ಶೇ. 2-3. ಹೀಗಾಗಿ ಗಾಳಿ ಶುದ್ಧವಿದ್ದರೂ ಖನಿಜದ ಅಂಕಿ ಏರುತ್ತದೆ. ಯಾವ ಹೂವಿನ ಜೇನೆಂದು ತಿಳಿಯಲು ಮಾಡುವ ಪರಾಗದ ಎಣಿಕೆಯೂ ಕೆಡುತ್ತದೆ. 10 ಗ್ರಾಂ ಜೇನನ್ನು 20 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಯಂತ್ರದಲ್ಲಿ ತಿರುಗಿಸಿ, ತಳದ ಗಸಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, 'ತೊಗರಿ ಜೇನು' ಅಂದದ್ದರಲ್ಲಿ ಗುಂಡಗೆ, ನುಣ್ಣಗೆ, ಒಂದೇ ರಂಧ್ರವಿರುವ ಹುಲ್ಲುಜಾತಿಯ ಪರಾಗ ರಾಶಿಯಾಗಿ ಕಾಣುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಜೋಳದ್ದೇ. ಜೋಳದ ಹೂವಿನಲ್ಲಿ ಮಕರಂದವಿಲ್ಲ, ಹುಳು ಅಲ್ಲಿ ಹೋಗುವುದು ಪರಾಗಕ್ಕೆ. ಅಷ್ಟೊಂದು ಇದ್ದರೆ ಹುಟ್ಟು ಹಿಂಡಿರಬೇಕೆಂದೇ ಅನುಮಾನ.

ಡಬ್ಬಿಯದು ಇನ್ನೊಂದು ತಾಪತ್ರಯ. ಜೇನಿನ ಪಿಎಚ್ 4ರ ಆಸುಪಾಸು; ಆ ಹುಳಿಗೆ ತಗಡಿನ ಸತುವು, ಕಬ್ಬಿಣ ಕರಗುತ್ತವೆ. ಹುಳು ಓಡಿಸುವ ಹೊಗೆಗೆ ಟೈರ್ ಸುಟ್ಟಿದ್ದರೆ ಅದರ ಮಸಿಯೂ ಸೇರಿರುತ್ತದೆ.

ಧೂಳು ನೋಡಲು ಹುಳು ಕಾಲಿಗೆ ಅಂಟಿಸಿಕೊಂಡು ತರುವ ಪರಾಗದ ಉಂಡೆಯೇ ಮೇಲು. ಹೂವಿನ ಮೇಲೆ, ಹುಳುವಿನ ರೋಮದ ಮೇಲೆ ಕೂತ ಧೂಳು ನೇರ ಅದಕ್ಕೆ ಅಂಟುತ್ತದೆ. ಮಕರಂದ ಹುಳುವಿನ ಹೊಟ್ಟೆ ಹಾಯ್ದು ಬರುವುದರಿಂದ ಜೇನಿಗಿಳಿಯುವ ಲೋಹ ಕಡಿಮೆ. ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನುಹುಳು) ಪೆಟ್ಟಿಗೆಯ ಬಾಗಿಲಿಗೆ ಸುಮಾರು 5 ಮಿ.ಮೀ. ರಂಧ್ರದ ಪ್ಲಾಸ್ಟಿಕ್ ಜಾಲರಿ ಕಟ್ಟಿ; ಒಳನುಸುಳುವ ಹುಳುವಿನ ಕಾಲಿನ ಉಂಡೆ ಅದಕ್ಕೆ ತಾಗಿ ಉದುರುತ್ತದೆ. 30 ಗ್ರಾಂ ಉಂಡೆ ಸಿಕ್ಕರೆ ಸಾಕು, ಜಾಲರಿ ತೆಗೆದುಬಿಡಿ. ಮರಿಗಳಿಗೂ ಊಟ ಬೇಕಲ್ಲ. ಉಂಡೆಯನ್ನು ಹೊಸ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಜೇನೂ ಬೇಕೆಂದರೆ ಮೇಣ ಮುಚ್ಚಿದ ಎರಿಯನ್ನು ಸ್ಟೀಲ್ ಚಾಕುವಿನಿಂದ ಕೊಯ್ದು, ನೈಲಾನ್ ಬಟ್ಟೆಯ ಮೇಲಿಟ್ಟು ತಾನಾಗೇ ಸೋರಲು ಬಿಡಿ.

ಕ್ಯಾಲ್ಸಿಯಂ ಹೆಚ್ಚು ಬಂತೆಂದು ಸಿಮೆಂಟ್ ಕಾರ್ಖಾನೆಯನ್ನೇ ದೂರಬೇಡಿ. ನಮ್ಮ ಎರೆಮಣ್ಣಿನಲ್ಲೇ ಸುಣ್ಣವಿದೆ. ಬೀದರದ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣವಿದೆ. ಅದಕ್ಕೇ ಅಂಥದ್ದೇ ಮಣ್ಣು, ಅದೇ ಹೂವು, ಅದೇ ವಾರ, ಆದರೆ ಕಾರ್ಖಾನೆಯಿಂದ ದೂರ ಇರುವ ಪೆಟ್ಟಿಗೆಯ ಉಂಡೆಯನ್ನೂ ತನ್ನಿ. ಎರಡೂ ಕಡೆ ಕನಿಷ್ಠ ಮೂರು ಪೆಟ್ಟಿಗೆಗಳದ್ದು ಬೇಕು. ಡಬ್ಬಿಯ ಮೇಲೆ ಜಾಗ, ತಾರೀಖು, ಸುತ್ತ ಅರಳಿದ್ದ ಹೂವು ಬರೆಯಿರಿ. ಜೊತೆಗೆ ಅದೇ ತರಹದ ಒಂದು ಖಾಲಿ ಡಬ್ಬಿಯೂ ಇರಲಿ, ಅದರಿಂದೇನಾದರೂ ಬಿಡುತ್ತದೆಯೇ ಎಂದು ಮೊದಲು ಅದನ್ನೇ ಪರೀಕ್ಷಿಸಬೇಕು.