ಅಚ್ಚಿಗೆ ಅಪ್ಪಣೆ ಯಾರದು? ಇಂಗ್ಲೆಂಡಿನ ಮುದ್ರಣ ಪರವಾನಗಿ ಹೋದ ಬಗೆ

ಇಂಗ್ಲಿಷ್ ಸಾಹಿತ್ಯವನ್ನು ಪರೀಕ್ಷೆಗಾಗಿ ಓದಿದವರ ನೆನಪಿನಲ್ಲಿ ಈ ಕಥೆ ಎರಡು ಸಾಲಿಗೆ ಮುಗಿದಿರುತ್ತದೆ. 1644ರಲ್ಲಿ ಕವಿ ಜಾನ್ ಮಿಲ್ಟನ್, ಅಚ್ಚಿಗೆ ಮುಂಚಿತ ಪರವಾನಗಿ ಬೇಡವೆಂದು ವಾದಿಸುವ ‘ಅರಿಯೊಪ್ಯಾಜಿಟಿಕ’ ಬರೆದ. ಇಂಗ್ಲೆಂಡಿಗೆ ಮುದ್ರಣ ಸ್ವಾತಂತ್ರ್ಯ ಬಂತು. ಎರಡರ ನಡುವೆ ಅರ್ಧ ಶತಮಾನವಿದೆ ಎಂಬುದನ್ನು ಗೈಡುಗಳು ಹೇಳುವುದಿಲ್ಲ. ಎರಡನೆಯದಕ್ಕೆ ಮೊದಲನೆಯದೇ ಕಾರಣವೇ ಎಂದು ಕೇಳಿದರೆ ಉತ್ತರ ಇನ್ನಷ್ಟು ಸಿಕ್ಕುಸಿಕ್ಕಾಗುತ್ತದೆ.

ಮೊದಲ ಭಾಗವನ್ನು ಬೇಗ ದಾಟಿಬಿಡೋಣ. ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಮನೆ ತೆರೆದದ್ದು 1476ರಲ್ಲಿ. ಇಂಗ್ಲಿಷಿನ ಪುಸ್ತಕಗಳಿಗೆ ಮುಂಚಿತವಾಗಿ ಅಪ್ಪಣೆ ಬೇಕೆಂದು ಎಂಟನೇ ಹೆನ್ರಿ 1538ರಲ್ಲಿ ಸಾರಿದ. 1557ರಲ್ಲಿ ರಾಣಿ ಮೇರಿ ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಗೆ ಸನ್ನದು ಕೊಟ್ಟಳು. ಕಥೆಯ ಗಂಟು ಇರುವುದು ಈ ಸನ್ನದಿನಲ್ಲಿ. ಕೆಟ್ಟ ಪುಸ್ತಕ ಹೊರಬರಬಾರದೆಂಬುದು ಸಿಂಹಾಸನದ ಚಿಂತೆ. ಪೈಪೋಟಿಯವನು ತಲೆಯೆತ್ತಬಾರದೆಂಬುದು ಅಂಗಡಿಯ ಚಿಂತೆ. ಇಬ್ಬರ ಕೆಲಸವೂ ಒಂದೇ ಬೀಗದಿಂದ ಆಗುತ್ತಿತ್ತು. ಅನುಮಾನ ಬಂದ ಮನೆಗೆ ನುಗ್ಗಿ ಹುಡುಕುವ, ಕದ್ದು ಅಚ್ಚಾದದ್ದನ್ನು ವಶಪಡಿಸಿಕೊಳ್ಳುವ ಅಧಿಕಾರ ವ್ಯಾಪಾರಿಗಳ ಕೈಗೇ ಬಂತು.

1637ರ ಹೊತ್ತಿಗೆ ಬೀಗ ಬಿಗಿಯಾಗಿತ್ತು. ಆ ವರ್ಷ ರಾಜನ ವಿಶೇಷ ನ್ಯಾಯಾಲಯವಾದ ಸ್ಟಾರ್ ಚೇಂಬರ್ ಹೊರಡಿಸಿದ ಆಜ್ಞೆ ಮುದ್ರಣಾಲಯದ ಯಜಮಾನರ ಸಂಖ್ಯೆಯನ್ನು 20ಕ್ಕೆ, ಅಚ್ಚುಮೊಳೆ ಎರಕ ಹೊಯ್ಯುವವರನ್ನು 4ಕ್ಕೆ ಇಳಿಸಿತು. ಅದೇ ವರ್ಷ ವಕೀಲ ವಿಲಿಯಂ ಪ್ರಿನ್‌ನ ಕಿವಿಗಳನ್ನು ಎರಡನೆಯ ಬಾರಿ ಕತ್ತರಿಸಲಾಯಿತು. ಮೊದಲ ಸಲ ಉಳಿದಿದ್ದ ಚೂರು ಈಗ ಹೋಯಿತು. ಕೆನ್ನೆಗಳ ಮೇಲೆ ‘ಎಸ್.ಎಲ್.’ ಎಂದು ಕಾಸಿದ ಕಬ್ಬಿಣದಿಂದ ಬರೆ ಹಾಕಿದರು. ರಾಜದ್ರೋಹದ ನಿಂದೆ ಬರೆದವನು ಎಂದು ಅದರ ಅರ್ಥ. ಪ್ರಿನ್ ಅದನ್ನು ಲ್ಯಾಟಿನ್ನಿನಲ್ಲಿ ‘ಲಾಡ್‌ನ ಗುರುತುಗಳು’ ಎಂದು ಓದಿಕೊಂಡ. ಲಾಡ್ ಆಗಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್.

1641ರಲ್ಲಿ ಸಂಸತ್ತು ಸ್ಟಾರ್ ಚೇಂಬರನ್ನೇ ರದ್ದು ಮಾಡಿತು. ಅದರೊಂದಿಗೆ ಅದರ ಆಜ್ಞೆಗಳೂ ಬಿದ್ದುಹೋದವು, ಕರಪತ್ರಗಳ ಮಳೆ ಸುರಿಯಿತು. ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿ ಕೈಗೆ ಸಿಕ್ಕಿದ ಪ್ರತಿಯೊಂದನ್ನೂ ಕೂಡಿಡತೊಡಗಿದ. ಇಪ್ಪತ್ತು ವರ್ಷಗಳಲ್ಲಿ ಅವನ ಬಳಿ ಸೇರಿದ್ದು ಸುಮಾರು 22,000. ಬಹುಪಾಲಿನ ಮೇಲೆ ಸಿಕ್ಕಿದ ದಿನಾಂಕವನ್ನು ತನ್ನ ಕೈಯಲ್ಲೇ ಬರೆದಿಟ್ಟ. ಇತಿಹಾಸಕಾರರು ಅವನಿಗೆ ಇಂದಿಗೂ ಋಣಿಗಳು.

ರಾಜನ ಬೀಗವನ್ನು ಒಡೆದ ಸಂಸತ್ತಿಗೆ ಬೀಗವಿಲ್ಲದ ಬಾಗಿಲು ಎರಡೇ ವರ್ಷಕ್ಕೆ ಸಾಕಾಯಿತು. 1643ರ ಜೂನ್‌ನಲ್ಲಿ ಪರವಾನಗಿ ಮರಳಿ ಬಂತು. ಸ್ಟೇಷನರ್ಸ್ ಕಂಪನಿಯೂ ಅದಕ್ಕಾಗಿ ಮನವಿ ಸಲ್ಲಿಸಿತ್ತು. ವಿಚ್ಛೇದನದ ಪರವಾಗಿ ಪರವಾನಗಿ ಇಲ್ಲದೆ ಪುಸ್ತಕ ಹೊರತಂದಿದ್ದ ಮಿಲ್ಟನ್ ಮೇಲೆ ಮರುವರ್ಷ ಅದೇ ಕಂಪನಿ ದೂರು ಕೊಟ್ಟಿತು. ಉತ್ತರವಾಗಿ 1644ರ ನವೆಂಬರ್‌ನಲ್ಲಿ ಬಂದದ್ದು ಆ ಪ್ರಸಿದ್ಧ ಕಿರುಹೊತ್ತಗೆ. ಅದರ ಶೀರ್ಷಿಕೆ ಪುಟದಲ್ಲಿ ಮಿಲ್ಟನ್‌ನ ಹೆಸರಿದೆ. ಮುದ್ರಕನ ಹೆಸರಿಲ್ಲ, ಮಾರುವವನ ಹೆಸರಿಲ್ಲ, ಪರವಾನಗಿಯಂತೂ ಇಲ್ಲ. ‘ಲಂಡನ್, 1644ನೇ ಇಸವಿಯಲ್ಲಿ ಅಚ್ಚಾದದ್ದು’ ಎಂದಷ್ಟೇ ಇದೆ. ಥಾಮಸನ್‌ನ ಪ್ರತಿಯ ಮೇಲೆ ನವೆಂಬರ್ 24ರ ದಿನಾಂಕವೂ ‘ಲೇಖಕನ ಕೊಡುಗೆ’ ಎಂಬ ಲ್ಯಾಟಿನ್ ಟಿಪ್ಪಣಿಯೂ ಇವೆ.

ಒಳಗಿನ ಗದ್ಯ ಗಂಭೀರವಾದದ್ದು ನಿಜ, ಆದರೆ ಅದರಲ್ಲಿ ತುಂಟತನವೂ ಇದೆ. ಇಟಲಿಯ ಪುಸ್ತಕಗಳಲ್ಲಿ ‘ಅಚ್ಚಾಗಲಿ’ ಎಂಬ ಮುದ್ರೆಗಳು ಒಂದೇ ಪುಟದಲ್ಲಿ ಐದೈದು ಬೀಳುತ್ತಿದ್ದವು. ಅವು ಊರ ಚೌಕದಲ್ಲಿ ಎದುರಾದ ಸನ್ಯಾಸಿಗಳಂತೆ ಬೋಳುತಲೆ ಬಗ್ಗಿಸಿ ಪರಸ್ಪರ ವಂದಿಸಿಕೊಳ್ಳುತ್ತಿವೆ ಎಂದು ಮಿಲ್ಟನ್ ಗೇಲಿ ಮಾಡುತ್ತಾನೆ. ಇಟಲಿಯಲ್ಲಿ ತಾನು ಕಂಡ, ಧರ್ಮನ್ಯಾಯಾಲಯದ ಬಂದಿಯಾಗಿದ್ದ ಮುದಿ ಗೆಲಿಲಿಯೊನನ್ನೂ ನೆನೆಯುತ್ತಾನೆ. ಆದರೆ ಅವನ ಸಹನೆಗೂ ಬೇಲಿಯಿತ್ತು. ಕ್ಯಾಥೊಲಿಕ್ ಮತಕ್ಕೆ ಆ ಬೇಲಿಯೊಳಗೆ ಜಾಗವಿರಲಿಲ್ಲ, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಸಂಸತ್ತು ಕಿವಿಗೊಡಲಿಲ್ಲ, ಪರವಾನಗಿ ಮುಂದುವರಿಯಿತು. ಹೋಗಲಿ, 1651ರಲ್ಲಿ, ರಾಜನಿಲ್ಲದ ಹೊಸ ಸರ್ಕಾರದ ಕಾರ್ಯದರ್ಶಿಯಾಗಿದ್ದ ಮಿಲ್ಟನ್ ‘ಮರ್ಕ್ಯುರಿಯಸ್ ಪೊಲಿಟಿಕಸ್’ ಎಂಬ ವಾರಪತ್ರಿಕೆಗೆ ಸುಮಾರು ಒಂದು ವರ್ಷ ತಾನೇ ಪರವಾನಗಿ ಅಧಿಕಾರಿಯಾದ! ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಕುರ್ಚಿಯಲ್ಲಿ ಕುಳಿತವನಿಗೆ ಅದರ ಕಾಲು ಕಾಣುವುದಿಲ್ಲ ಎಂದುಕೊಂಡರೆ ನ್ಯಾಯಕ್ಕೆ ಹತ್ತಿರವಾದೀತು.

ಚಕ್ರ ತಿರುಗಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಅವನ ಎರಡು ಪುಸ್ತಕಗಳು ಬೆಂಕಿಗೆ ಬಿದ್ದವು. 1662ರ ಪರವಾನಗಿ ಕಾಯ್ದೆ ಮುದ್ರಕರ ಸಂಖ್ಯೆಯನ್ನು ಮತ್ತೆ 20ಕ್ಕೆ ನಿಲ್ಲಿಸಿತು. 1664ರಲ್ಲಿ ಜಾನ್ ಟ್ವಿನ್ ಎಂಬ ಮುದ್ರಕನಿಗೆ ದ್ರೋಹದ ಆರೋಪದಲ್ಲಿ ಮರಣದಂಡನೆಯಾಯಿತು. ಲೇಖಕನ ಹೆಸರನ್ನು ಅವನು ಕೊನೆಯವರೆಗೂ ಬಾಯಿಬಿಡಲಿಲ್ಲ. 1667ರಲ್ಲಿ, ಆಗ ಪೂರ್ಣ ಕುರುಡನಾಗಿದ್ದ ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಆರ್ಚ್‌ಬಿಷಪ್ಪನ ಕೈಕೆಳಗಿನ ಥಾಮಸ್ ಟಾಮ್‌ಕಿನ್ಸ್ ಎಂಬ ಪಾದ್ರಿಯ ಮೇಜಿನ ಮೇಲೆ ಬಂದು ಕುಳಿತಿತು. ಮೊದಲ ಪರ್ವದಲ್ಲಿ ಒಂದು ಉಪಮೆ ಬರುತ್ತದೆ: ಗ್ರಹಣ ಹಿಡಿದ ಸೂರ್ಯ, ಬದಲಾವಣೆಯ ಭಯ ಹುಟ್ಟಿಸಿ ದೊರೆಗಳನ್ನು ಕಂಗೆಡಿಸುತ್ತಾನೆ. ಪಾದ್ರಿಗೆ ಅಲ್ಲಿ ರಾಜದ್ರೋಹದ ವಾಸನೆ ಬಡಿಯಿತಂತೆ. ಕೊನೆಗೂ ಸಹಿ ಬಿತ್ತು. ಆ ಪರ್ವದ ಹಸ್ತಪ್ರತಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ, ‘ಅಚ್ಚಾಗಲಿ’ ಮುದ್ರೆಯ ಸಮೇತ.

ಇಷ್ಟಾದ ಮೇಲೆ ಪರವಾನಗಿ ಹೋದದ್ದು ಹೇಗೆ? ಕಾಯ್ದೆಯ ಅವಧಿ 1695ರಲ್ಲಿ ಮುಗಿಯಿತು, ಯಾರೂ ಅದನ್ನು ನವೀಕರಿಸಲಿಲ್ಲ. ಅಷ್ಟೇ. ಬಾಯಲ್ಲಿ ಆಡಬಹುದಾದದ್ದನ್ನು ಅಚ್ಚು ಹಾಕಲೂ ಬಿಡಿ, ತಪ್ಪಿದ್ದರೆ ಆಮೇಲೆ ಹೊಣೆ ಹೊರಿಸಿ ಎಂದು ತತ್ವಜ್ಞಾನಿ ಜಾನ್ ಲಾಕ್ ಟಿಪ್ಪಣಿ ಬರೆದಿದ್ದ. ಅದೇ ಟಿಪ್ಪಣಿಯಲ್ಲಿ ಅವನು ಕಂಪನಿಯ ಏಕಸ್ವಾಮ್ಯವನ್ನೂ ಝಾಡಿಸಿದ್ದ. ಪ್ರಾಚೀನ ಲ್ಯಾಟಿನ್ ಗ್ರಂಥಗಳ ಒಳ್ಳೆಯ ಆವೃತ್ತಿಗಳು ಹಾಲೆಂಡಿನಿಂದ ಬರಲು ಅದು ಅಡ್ಡಿಯಾಗಿತ್ತು. ಕೆಳಮನೆ ಮೇಲ್ಮನೆಗೆ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಉಳಿದದ್ದು ಮುಖ್ಯವಾಗಿ ಈ ಎರಡನೆಯ ಬಗೆಯವೇ: ಶುಲ್ಕಕ್ಕೆ ಮಿತಿಯಿಲ್ಲ, ಮನೆಗಳ ಶೋಧನೆಗೆ ಲಗಾಮಿಲ್ಲ. ವಿದೇಶದಿಂದ ಬಂದ ಪುಸ್ತಕದ ಪೆಟ್ಟಿಗೆಯನ್ನು ಪರವಾನಗಿ ಅಧಿಕಾರಿ ಬರುವ ಮುನ್ನ ಸುಂಕದವನು ತೆರೆಯುವಂತಿಲ್ಲ. ತೆರೆಯದೆ ಒಳಗಿರುವುದು ಪುಸ್ತಕವೆಂದು ಅವನಿಗೆ ಗೊತ್ತಾಗುವುದು ಹೇಗೆ? ಮುದ್ರಣ ಸ್ವಾತಂತ್ರ್ಯ ಒಳ್ಳೆಯದೋ ಕೆಟ್ಟದೋ ಎಂಬ ಬಗ್ಗೆ ಪಟ್ಟಿಯಲ್ಲಿ ಒಂದು ಮಾತೂ ಇಲ್ಲ ಎಂದು ಮುಂದೆ ಇತಿಹಾಸಕಾರ ಮೆಕಾಲೆ ಗುರುತಿಸಿದ.

ಪರವಾನಗಿ ಹೋದ ಜಾಗಕ್ಕೆ ಬೆಲೆ ಬಂತು. 1702ರಲ್ಲಿ ಲಂಡನ್ನಿನ ಮೊದಲ ದಿನಪತ್ರಿಕೆ, 1712ರಲ್ಲಿ ಪತ್ರಿಕೆಗಳ ಮೇಲೆ ಮುದ್ರಾಂಕ ತೆರಿಗೆ. 1792ರಲ್ಲಿ, ಅರಸೊತ್ತಿಗೆಯನ್ನು ಟೀಕಿಸಿದ ಥಾಮಸ್ ಪೇನ್‌ನ ‘ರೈಟ್ಸ್ ಆಫ್ ಮ್ಯಾನ್’ ಪುಸ್ತಕದ ಮೇಲೆ ಮೊಕದ್ದಮೆ ನಡೆದಾಗ ಸರ್ಕಾರಿ ವಕೀಲ ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟ: ಮೊದಲ ಭಾಗವನ್ನು ವಿವೇಕಿಗಳು ಓದುತ್ತಾರೆಂದು ಬಿಟ್ಟಿದ್ದೆವು, ಎರಡನೆಯದು ಮಕ್ಕಳ ಮಿಠಾಯಿ ಸುತ್ತುವ ಕಾಗದವಾಗಿಯೂ ಜನರ ಕೈಸೇರುತ್ತಿದೆ. ಮೊದಲ ಭಾಗದ ಬೆಲೆ ಮೂರು ಶಿಲ್ಲಿಂಗ್, ಅಂದರೆ 36 ಪೆನ್ನಿ ಇತ್ತು. ಅಗ್ಗದ ಆವೃತ್ತಿ ಆರು ಪೆನ್ನಿಗೆ ಬಂತು. 1815ರಲ್ಲಿ ಪತ್ರಿಕೆಯ ಪ್ರತಿಯೊಂದರ ಮುದ್ರಾಂಕವೊಂದೇ ನಾಲ್ಕು ಪೆನ್ನಿಗೆ ಏರಿತು. 1831ರಲ್ಲಿ ಹೆನ್ರಿ ಹೆದರಿಂಗ್‌ಟನ್ ಒಂದು ಪೆನ್ನಿಗೆ ‘ಪೂರ್ ಮ್ಯಾನ್ಸ್ ಗಾರ್ಡಿಯನ್’ ಹೊರಡಿಸಿದ. ಮುದ್ರಾಂಕ ಇರಬೇಕಾದ ಜಾಗದಲ್ಲಿ ಅಚ್ಚಿನ ಯಂತ್ರದ ಚಿತ್ರ, ‘ಜ್ಞಾನವೇ ಬಲ’ ಎಂಬ ಮಾತು. ಬೀದಿಯಲ್ಲಿ ಅದನ್ನು ಮಾರಿದ ನೂರಾರು ಮಂದಿ ಜೈಲು ಕಂಡರು. ಆ ತೆರಿಗೆ ತೊಲಗಿದ್ದು 1855ರಲ್ಲಿ.

ನಮ್ಮ ಕಡೆಗೂ ಇದರ ಎಳೆ ಬಂದಿದೆ. ಬಂಗಾಳದಲ್ಲಿ 1823ರಲ್ಲಿ ಪರವಾನಗಿ ನಿಯಮ ಬಂದಾಗ ರಾಮಮೋಹನ ರಾಯರು ತಮ್ಮ ಪಾರಸಿ ಪತ್ರಿಕೆಯನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಅದನ್ನು ತೆಗೆದ 1835ರ ಕಾಯ್ದೆಯ ಕರಡು ಬರೆದದ್ದು ಇದೇ ಮೆಕಾಲೆ. ಹಿಂದಿನ ವರ್ಷವಷ್ಟೇ ಅವನು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡು ಊಟಿಗೆ ಹೋಗಿದ್ದ. ಕಾಯ್ದೆ ಬಂದ ಎಂಟು ವರ್ಷಗಳ ನಂತರ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸುವಾಗ ಪರವಾನಗಿಯ ಗೊಡವೆ ಇರಲಿಲ್ಲ. ಆದರೆ ಮೆಕಾಲೆಯ ದಂಡಸಂಹಿತೆಯ ಕರಡಿನಲ್ಲಿ ರಾಜದ್ರೋಹದ ಕಲಮೂ ಇತ್ತು. 1860ರ ಸಂಹಿತೆಯಲ್ಲಿ ಅದು ಬಿಟ್ಟುಹೋಗಿ, 1870ರಲ್ಲಿ 124ಎ ಆಗಿ ಸೇರಿತು. ಇಂಗ್ಲೆಂಡ್ ತನ್ನ ರಾಜದ್ರೋಹ ನಿಂದೆಯ ಅಪರಾಧವನ್ನು 2009ರ ಕಾಯ್ದೆಯಲ್ಲಿ ಕೈಬಿಟ್ಟಿತು. ಇಲ್ಲಿ 124ಎ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಹೆಸರಿನ ಅಪರಾಧವಿಲ್ಲ. ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳ 152ನೇ ಕಲಮು ಇದೆ.