ಲೋನ್ ಪೈನ್ ಕಡೆ ಆರ್‌ವಿ ತಗೊಂಡು ಹೋಗುವವರಿಗೆ ಡಂಪ್ ಸ್ಟೇಷನ್ ವಿಷಯ

ರಜೆ ಬಂತು ಅಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಸರ್, ಇಲ್ಲಿ ಹತ್ತಿರದಲ್ಲಿ ಡಂಪ್ ಸ್ಟೇಷನ್ ಎಲ್ಲಿದೆ?" ಆರ್‌ವಿ ಅಂದರೆ ಅಡುಗೆಮನೆ, ಟಾಯ್ಲೆಟ್ ಎಲ್ಲ ಇರುವ ಮನೆಯಂಥ ಗಾಡಿ, ಅದರ ಗಲೀಜು ನೀರಿನ ಟ್ಯಾಂಕ್ ಖಾಲಿ ಮಾಡುವ ಜಾಗವೇ ಡಂಪ್ ಸ್ಟೇಷನ್. ಕೇಳುವವರು ಅಷ್ಟು ಹೊತ್ತಿಗಾಗಲೇ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರು ದಾಟಿ, ಅಲಬಾಮಾ ಹಿಲ್ಸ್ ಬಂಡೆಗಳ ಮಧ್ಯೆ ಗಾಡಿ ನಿಲ್ಲಿಸಿ, ಊಟ ಮುಗಿಸಿರುತ್ತಾರೆ. ಹಿಂದಿನಿಂದ ಯಾರೋ "ಬಾತ್‌ರೂಮಿಗೆ ಯಾರೂ ಹೋಗ್ಬೇಡ್ರೋ" ಅಂತ ಕೂಗುವುದೂ ಕೇಳಿಸುತ್ತದೆ.

ಬೇ ಏರಿಯಾದಲ್ಲಿ ಬಾಡಿಗೆ ಆರ್‌ವಿಗಳನ್ನು ರಿಪೇರಿ ಮಾಡಿ, ತಯಾರು ಮಾಡಿ ಕೊಡುವುದು ನನ್ನ ಕೆಲಸ. ಕನ್ನಡದವರು ಜಾಸ್ತಿ ಬರುತ್ತಾರೆ. ಕನ್ನಡದಲ್ಲೇ ಬೈಸಿಕೊಳ್ಳಬಹುದು ಅನ್ನುವ ಸಮಾಧಾನ ಇರಬೇಕು. ಗಾಡಿ ಓಡಿಸುವುದು, ಜನರೇಟರ್, ಪ್ರೊಪೇನ್ ಇವೆಲ್ಲ ಕೀ ಕೊಡುವಾಗಲೇ ಹೇಳಿಕೊಡುತ್ತಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಡಂಪ್ ಮಾಡುವಾಗ ಗ್ಲೌಸ್ ಹಾಕಿಕೊಳ್ಳಿ ಅಂತಲೂ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಜನಕ್ಕೆ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಒಂದಿದೆ. ಟ್ರಿಪ್ಪಿನ ಮಧ್ಯೆ ನಿಮಗೆ ಕೈ ಕೊಡುವುದು ಟಾಯ್ಲೆಟ್ಟಿನ ಟ್ಯಾಂಕ್ ಅಲ್ಲ, ಸಿಂಕಿನ ಟ್ಯಾಂಕ್.

ಬಿಡಿಸಿ ಹೇಳುತ್ತೇನೆ. ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆಯ ನೀರಿನದು. ಇನ್ನೊಂದು ಬ್ಲ್ಯಾಕ್, ಅಂದರೆ ಟಾಯ್ಲೆಟ್ಟಿನದು. ಮೂರನೆಯದು ಗ್ರೇ. ಸಿಂಕು, ವಾಷ್ ಬೇಸಿನ್ನು, ಶವರ್, ಎಲ್ಲದರ ನೀರೂ ಇದಕ್ಕೇ ಬಂದು ಬೀಳುತ್ತದೆ. ಸಾಧಾರಣ ಬಾಡಿಗೆ ಗಾಡಿಯಲ್ಲಿ ಗ್ರೇ ಟ್ಯಾಂಕ್ ಸುಮಾರು 30 ಗ್ಯಾಲನ್ ಹಿಡಿಯುತ್ತದೆ, ಅಂದರೆ ನೂರಾ ಹತ್ತು ಲೀಟರಿಗೆ ಸ್ವಲ್ಪ ಜಾಸ್ತಿ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇರುತ್ತದೆ, ನಿಮ್ಮದರ ಲೆಕ್ಕ ಕೇಳಿ ಬರೆದುಕೊಳ್ಳಿ. ಆರ್‌ವಿಯ ಸಿಂಕಿನ ನಲ್ಲಿ ನಿಮಿಷಕ್ಕೆ ಐದಾರು ಲೀಟರ್ ಸುರಿಯುತ್ತದೆ. ನಲ್ಲಿ ಬಿಟ್ಟುಕೊಂಡೇ ಇಪ್ಪತ್ತು ನಿಮಿಷ ಪಾತ್ರೆ ತೊಳೆದರೆ ಟ್ಯಾಂಕ್ ಮುಗಿಯಿತು. ನಮ್ಮವರ ಅಡುಗೆಯಲ್ಲಿ ಪಾತ್ರೆ ಎಷ್ಟು ಬೀಳುತ್ತವೆ ಅಂತ ನಿಮಗೆ ಗೊತ್ತೇ ಇದೆ. ಕುಕ್ಕರ್, ಸಾರಿನ ಪಾತ್ರೆ, ಪಲ್ಯದ ಬಾಣಲೆ, ದೋಸೆ ಹಿಟ್ಟಿನ ಡಬ್ಬ, ಆಮೇಲೆ ಕಾಫಿ ಫಿಲ್ಟರ್. ಫಿಲ್ಟರ್ ಬಿಟ್ಟು ಹೋಗುವ ಮನೆಯನ್ನು ನಾನು ನೋಡಿಲ್ಲ, ಬಿಟ್ಟು ಹೋಗಿ ಅಂತ ಹೇಳುವ ಧೈರ್ಯವೂ ನನಗಿಲ್ಲ.

ಗ್ರೇ ತುಂಬಿದರೆ ನೀರು ಎಲ್ಲಿಗೆ ಹೋಗಬೇಕು? ಗಾಡಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ತೂತು ಶವರಿನದು. ಅಲ್ಲಿಂದ ಮೇಲೆ ಬರುತ್ತದೆ. ಶವರ್ ನೆಲದ ಮೇಲೆ ಸಾರಿನ ಬಣ್ಣದ ನೀರು, ಅಂಚಿನಲ್ಲಿ ಜಿಡ್ಡಿನ ಗೆರೆ, ನಡುವೆ ತೇಲುವ ಸಾಸಿವೆ. ಟಾಯ್ಲೆಟ್ ಉಕ್ಕಿತು ಅಂತ ಮನೆಯವರೆಲ್ಲ ಗಾಬರಿಯಾಗುವುದು ಆಗಲೇ. ನನಗೆ ಫೋನ್ ಬರುವುದೂ ಆಗಲೇ.

ಗಾಬರಿ ಇಳಿದ ಮೇಲೆ ಎರಡನೇ ಪ್ರಶ್ನೆ ಬರುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೆ. "ಓ, ಇದು ಬರೀ ಪಾತ್ರೆ ತೊಳೆದ ನೀರು ತಾನೇ ಸರ್? ವಾಲ್ವ್ ತೆಗೆದು ಇಲ್ಲೇ ಬಿಟ್ಟುಬಿಡ್ಲಾ? ಮರುಭೂಮಿ ಅಲ್ವಾ, ಹೀರಿಕೊಳ್ಳುತ್ತೆ."

ಈ ಯೋಚನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮೂರಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆ ಗಿಡಕ್ಕೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು, ಗಿಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಇದು ಹಿತ್ತಲಲ್ಲ. ಲೋನ್ ಪೈನ್ ಇರುವುದು ಸಿಯೆರಾ ನೆವಾಡಾ ಬೆಟ್ಟಗಳ ಪೂರ್ವ ಬುಡದಲ್ಲಿ, 3,700 ಅಡಿ ಎತ್ತರದಲ್ಲಿ. ತಲೆ ಎತ್ತಿದರೆ 14,505 ಅಡಿಯ ಮೌಂಟ್ ವಿಟ್ನಿ ಕಾಣುತ್ತದೆ. ಮೋಡಗಳನ್ನೆಲ್ಲ ಬೆಟ್ಟವೇ ಆಚೆ ಕಡೆ ಹಿಂಡಿಕೊಂಡುಬಿಡುತ್ತದೆ, ಆಗುಂಬೆಯಲ್ಲಿ ಸುರಿದು ಚಳ್ಳಕೆರೆಗೆ ಏನೂ ಉಳಿಯದ ಹಾಗೆ. ಇಷ್ಟು ಒಣ ನೆಲದಲ್ಲಿ ಚೆಲ್ಲಿದ್ದು ಕೊಳೆತು ಮಣ್ಣಾಗುವುದು ಬಹಳ ನಿಧಾನ. ನೀರು ಇಂಗುತ್ತದೆ, ನಿಜ. ಅನ್ನದ ಅಗುಳು, ಎಣ್ಣೆ ಜಿಡ್ಡು, ಸೋಪು ಮೇಲೆಯೇ ಉಳಿಯುತ್ತವೆ. ಮರುದಿನ ಕಾಗೆ ಜಾತಿಯ ರೇವನ್‌ಗಳು ಬರುತ್ತವೆ, ರಾತ್ರಿ ಕೊಯೋಟಿಗಳು ಬರುತ್ತವೆ, ಅದರ ಮರುದಿನ ಅದೇ ಜಾಗಕ್ಕೆ ಇನ್ನೊಬ್ಬರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನೂರು ಲೀಟರ್ ಅಂದರೆ ಒಂದು ಚೊಂಬು ಚೆಲ್ಲಿದ ಹಾಗಲ್ಲ.

ಕಾನೂನಿನ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆಯಿಂದ ಮಾತಾಡುತ್ತೇನೆ, ನಾನು ವಕೀಲ ಅಲ್ಲ. ಡೆತ್ ವ್ಯಾಲಿಯಂಥ ನ್ಯಾಷನಲ್ ಪಾರ್ಕಿನೊಳಗೆ ಗಾಡಿಯ ಗಲೀಜನ್ನು ಅದಕ್ಕೆಂದೇ ಇಟ್ಟ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಸುರಿಯುವಂತಿಲ್ಲ, ಅದರಲ್ಲಿ ಗೊಂದಲ ಇಲ್ಲ. ಸುತ್ತಮುತ್ತಲಿನ ಬಿಎಲ್‌ಎಂ (ಕೇಂದ್ರ ಸರ್ಕಾರದ ಜಮೀನು ನೋಡಿಕೊಳ್ಳುವ ಇಲಾಖೆ) ಜಾಗಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ ಇರಬಹುದು. ಅಲಬಾಮಾ ಹಿಲ್ಸ್ 2019ರಿಂದ ನ್ಯಾಷನಲ್ ಸೀನಿಕ್ ಏರಿಯಾ, ಅಲ್ಲಿ ರಾತ್ರಿ ಉಳಿಯಲು ಪರ್ಮಿಟ್ ಬೇಕು. ಪರ್ಮಿಟ್ ತೆಗೆದುಕೊಳ್ಳುವಾಗ ಷರತ್ತುಗಳನ್ನು ಓದಿ. ನಿಮ್ಮ ಬಾಡಿಗೆ ಕರಾರನ್ನೂ ಓದಿ. ನನ್ನ ಸಲಹೆ ಕೇಳಿದರೆ, ನಿಯಮ ಏನೇ ಇರಲಿ, ವಾಲ್ವ್ ಮುಟ್ಟಬೇಡಿ.

ಹಾಗೆಯೇ ಟ್ರೈಲುಗಳ ಹತ್ತಿರ ಇರುವ ಗುಂಡಿ ಟಾಯ್ಲೆಟ್ಟುಗಳು ಡಂಪ್ ಸ್ಟೇಷನ್ ಅಲ್ಲ. ಅವುಗಳ ಕೆಳಗೆ ಪೈಪೂ ಇಲ್ಲ, ಒಳಚರಂಡಿಯೂ ಇಲ್ಲ. ತುಂಬಿದಾಗ ದೂರದಿಂದ ಲಾರಿ ಬಂದು ಹೀರಿಕೊಂಡು ಹೋಗಬೇಕು. ಬಕೆಟ್ಟಿನಲ್ಲಿ ಗ್ರೇ ನೀರು ಹೊತ್ತುಕೊಂಡು ಹೋಗಿ ಅದರೊಳಗೆ ಸುರಿದು, ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ಫೋಟೋ ಕಳಿಸಿದ ಪುಣ್ಯಾತ್ಮರಿದ್ದಾರೆ.

ಸರಿ, ಹಾಗಾದರೆ ಎಲ್ಲಿ? ಲೋನ್ ಪೈನಿನ ಪಶ್ಚಿಮಕ್ಕೆ ಬಿಎಲ್‌ಎಂನ ಟಟಲ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ ಡಂಪ್ ಸ್ಟೇಷನ್ ಇದೆ. ಚಳಿಗಾಲದಲ್ಲಿ ಈ ಕಡೆಯೆಲ್ಲ ಪೈಪು ಹೆಪ್ಪುಗಟ್ಟಿ ಒಡೆಯುತ್ತವೆ ಅಂತ ನೀರು ನಿಲ್ಲಿಸಿಬಿಡುವುದುಂಟು, ಹಾಗಾಗಿ ಕೇಳಿಕೊಂಡು ಹೋಗಿ. ಊರಿನ ಸುತ್ತ ಖಾಸಗಿ ಆರ್‌ವಿ ಪಾರ್ಕುಗಳಿವೆ, ಉಳಿಯದವರಿಗೂ ದುಡ್ಡು ತೆಗೆದುಕೊಂಡು ಬಿಡುತ್ತಾರೋ ಇಲ್ಲವೋ ಅದು ಅವರಿಷ್ಟ. ಹತ್ತರಿಂದ ಇಪ್ಪತ್ತೈದು ಡಾಲರ್ ಆಗಬಹುದು ಅಂದುಕೊಳ್ಳಿ. ಉತ್ತರಕ್ಕೆ 60 ಮೈಲಿ ಹೋದರೆ ಬಿಷಪ್, ಅದು ಸ್ವಲ್ಪ ದೊಡ್ಡ ಊರು, ಅಲ್ಲಿ ಆಯ್ಕೆ ಜಾಸ್ತಿ. ಪೂರ್ವಕ್ಕೆ ಡೆತ್ ವ್ಯಾಲಿಯೊಳಗೆ ಸ್ಟೋವ್‌ಪೈಪ್ ವೆಲ್ಸ್, ಫರ್ನೆಸ್ ಕ್ರೀಕ್, ಮೆಸ್ಕೀಟ್ ಸ್ಪ್ರಿಂಗ್ ಮೂರೂ ಕಡೆ ಡಂಪ್ ಸ್ಟೇಷನ್ ಇವೆ. ಆದರೆ ಲೋನ್ ಪೈನಿನಿಂದ ಸ್ಟೋವ್‌ಪೈಪ್ ವೆಲ್ಸ್‌ಗೇ ಸುಮಾರು 80 ಮೈಲಿ, ಮಧ್ಯೆ ಟೌನ್ ಪಾಸ್ ಅನ್ನುವ ಘಾಟಿ ಇದೆ. ಹತ್ತಿರ ಹತ್ತಿರ 5,000 ಅಡಿಗೆ ಹತ್ತಿ ಅಲ್ಲಿಂದ ಸಮುದ್ರಮಟ್ಟಕ್ಕೆ ಇಳಿಯುವ ದಾರಿ. ಎರಡೂ ಗಲೀಜು ಟ್ಯಾಂಕ್ ತುಂಬಿಸಿಕೊಂಡು ಹೋದರೆ ಇನ್ನೂರು ಕಿಲೋಗೂ ಜಾಸ್ತಿ ಭಾರ ಬ್ರೇಕಿನ ಮೇಲೆ. ದಾರಿಯುದ್ದಕ್ಕೂ ಫೋನ್ ಸಿಗ್ನಲ್ ನಂಬಬೇಡಿ. ಅಂದರೆ ನನಗೂ ಫೋನ್ ಮಾಡಲಾಗುವುದಿಲ್ಲ.

ಆ್ಯಪ್‌ಗಳ ಬಗ್ಗೆ ಒಂದು ಮಾತು. ಐಓವರ್‌ಲ್ಯಾಂಡರ್, ಕ್ಯಾಂಪೆಂಡಿಯಂ ಇವೆಲ್ಲ ಒಳ್ಳೆಯವೇ, ನಾನೂ ನೋಡುತ್ತೇನೆ. ಆದರೆ ಮ್ಯಾಪಿನಲ್ಲಿ ಗುರುತು ಇದೆ ಅಂದರೆ ಯಾವತ್ತೋ ಒಂದು ದಿನ ಅಲ್ಲಿ ತೂತು ಇತ್ತು ಅಂತ ಮಾತ್ರ. ಕೊನೆಯ ಕಾಮೆಂಟ್ ಯಾವ ತಿಂಗಳಿನದು ನೋಡಿ. ಇಂಥ ಸಣ್ಣ ಊರುಗಳಲ್ಲಿ ಮುಚ್ಚುವುದು ಮಾಮೂಲು, ಅದಕ್ಕೆ ಕಾರಣ ನಾವೇ. ಎಷ್ಟೋ ಕ್ಯಾಂಪ್‌ಗ್ರೌಂಡುಗಳಿಗೆ ಊರಿನ ಒಳಚರಂಡಿಯ ಸಂಪರ್ಕ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕೇ ಗತಿ. ಅದರೊಳಗಿನ ಬ್ಯಾಕ್ಟೀರಿಯಾ ಬದುಕಿದ್ದರೆ ಮಾತ್ರ ಅದು ಕೆಲಸ ಮಾಡುವುದು. ನಾವು ವಾಸನೆ ಹೋಗಲಿ ಅಂತ ಬ್ಲೀಚ್ ಸುರಿದು, ಡೈಪರು, ವೆಟ್ ವೈಪ್ಸು ಎಲ್ಲ ತುರುಕಿ, ನೆಲದ ಮೇಲೆ ಚೆಲ್ಲಿದ್ದನ್ನು ತೊಳೆಯದೆ ಬಂದರೆ ಪಾರ್ಕಿನವರು ಮುಂದಿನ ವಾರ ಬೀಗ ಹಾಕುತ್ತಾರೆ. ಹಾಕದೆ ಏನು ಮಾಡುತ್ತಾರೆ?

ಇನ್ನು ಪ್ಯಾನೆಲ್ಲಿನ ದೀಪ. ಟ್ಯಾಂಕ್ ಎಷ್ಟು ತುಂಬಿದೆ ಅಂತ ತೋರಿಸುವ ಆ ನಾಲ್ಕು ದೀಪಗಳನ್ನು ನಂಬಿ ಡಂಪ್ ಸ್ಟೇಷನ್ ಹುಡುಕಬೇಡಿ. ಟ್ಯಾಂಕಿನ ಗೋಡೆಗೆ ಸಣ್ಣ ಸಣ್ಣ ಸೆನ್ಸರ್ ಮೊಳೆಗಳಿರುತ್ತವೆ. ಅದಕ್ಕೆ ಒಂದು ಪೇಪರ್ ಚೂರು ಅಂಟಿಕೊಂಡರೆ ಖಾಲಿ ಇದ್ದರೂ ಫುಲ್ ಅನ್ನುತ್ತದೆ. ಗ್ರೇಯಲ್ಲಿ ಜಿಡ್ಡು ಕೂತರೂ ಅದೇ ಕಥೆ.

ದೀಪಕ್ಕಿಂತ ಲೆಕ್ಕ ವಾಸಿ. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರಿದ್ದರು, ಕೆಇಬಿಯಲ್ಲಿ ಇದ್ದು ನಿವೃತ್ತರಾದವರು. ನಾನು ಗಾಡಿ ತೋರಿಸುವಾಗ ಮಗ ಫೋನ್ ನೋಡುತ್ತಾ ನಿಂತಿದ್ದ, ಇವರು ಮಾತ್ರ ಜೇಬಿನಿಂದ ಸಣ್ಣ ಡೈರಿ ತೆಗೆದರು. "ನೋಡಪ್ಪ, ಹಿಡಿಯೋ ನೀರು ಎಷ್ಟು ಲೀಟರು, ಹೋಗೋ ನೀರು ಎಷ್ಟು ಲೀಟರು, ಅದಷ್ಟು ಹೇಳು." ಹೇಳಿದೆ. ಆ ಗಾಡಿಯಲ್ಲಿ ಒಳ್ಳೆಯ ನೀರಿನ ಟ್ಯಾಂಕ್ ಗ್ರೇಗಿಂತ ದೊಡ್ಡದು. ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಎರಡನೇ ಸಲ ನೀರು ಹಿಡಿಯೋ ಮೊದಲು ಇದನ್ನ ಖಾಲಿ ಮಾಡ್ಲೇಬೇಕು, ಅಷ್ಟೇ ತಾನೇ?" ಅಂದರು. ಅಷ್ಟೇ! ಇದೇ ಮಾತನ್ನು ಸಾಫ್ಟ್‌ವೇರ್ ಆರ್ಕಿಟೆಕ್ಟುಗಳಿಗೆ ವೈಟ್‌ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ, ಹೋಗಿ ಬಂದವರ ಶವರಿನಲ್ಲಿ ಸಾಸಿವೆ ತೇಲಿತ್ತು. ಹಿರಿಯರ ಮನೆಯವರು ಟ್ರಿಪ್ ಮುಗಿಸಿ ಬಂದಾಗ ಟ್ಯಾಂಕ್ ಎರಡೂ ಖಾಲಿ, ಡೈರಿಯಲ್ಲಿ ಎಲ್ಲಿ ಎಷ್ಟಕ್ಕೆ ಡಂಪ್ ಮಾಡಿದೆವು ಅಂತ ಖರ್ಚಿನ ಸಮೇತ ಬರೆದಿತ್ತು. ಸೊಸೆಗೆ ಸ್ವಲ್ಪ ಕಿರಿಕಿರಿ ಆಗಿರಬೇಕು, ಪಾತ್ರೆ ತೊಳೆಯುವಾಗ ಮಾವ ಪಕ್ಕದಲ್ಲಿ ನಿಂತು ನಲ್ಲಿ ನಿಲ್ಲಿಸುತ್ತಿದ್ದರಂತೆ.

ನೀರು ಹಿಡಿಯುವ ಮೊದಲು ಖಾಲಿ ಮಾಡಿ. ನಲ್ಲಿ ಕಂಡ ಕಡೆಯೆಲ್ಲ ಖುಷಿಯಿಂದ ನೀರು ತುಂಬಿಸುತ್ತೀರಿ, ಆ ನೀರೆಲ್ಲ ಎರಡು ದಿನದಲ್ಲಿ ಗಲೀಜಾಗಿ ಇನ್ನೊಂದು ಟ್ಯಾಂಕಿಗೆ ಬರುತ್ತದೆ ಅನ್ನುವುದನ್ನು ಮರೆಯುತ್ತೀರಿ. ಬೇ ಏರಿಯಾದಿಂದ ಟೆಹಾಚಪಿ, ಮೊಹಾವಿ ಮೇಲೆ ಬರುವವರು 395ನೇ ಹೈವೇ ಸೇರುವ ಮೊದಲೇ ಖಾಲಿ ಮಾಡಿಕೊಳ್ಳಿ. ಫ್ಲೈಯಿಂಗ್ ಜೆ, ಲವ್ಸ್ ಥರದ ಟ್ರಕ್ ಸ್ಟಾಪುಗಳಲ್ಲಿ ಎಷ್ಟೋ ಕಡೆ ಡಂಪ್ ಇದೆ, ಎಲ್ಲಾ ಕಡೆ ಇಲ್ಲ. ಡೀಸೆಲ್ ಅಥವಾ ಪೆಟ್ರೋಲ್‌ಗೆ ಹೇಗೂ ನಿಲ್ಲಿಸುತ್ತೀರಲ್ಲ. ಬೇಸಿಗೆಯಲ್ಲಿ ಟೈಯೋಗಾ ಪಾಸ್ ಮೇಲೆ ಬರುವವರು ಬಿಷಪ್ಪಿನಲ್ಲಿ ಮುಗಿಸಿಕೊಂಡು ದಕ್ಷಿಣಕ್ಕೆ ಇಳಿಯಿರಿ. ಗ್ರೇ ಅರ್ಧ ತುಂಬಿದ್ದರೂ ಪರವಾಗಿಲ್ಲ, ಖಾಲಿ ಮಾಡಿ. ಬ್ಲ್ಯಾಕ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಆದಮೇಲೆ ಬಿಟ್ಟರೆ ಚೆನ್ನಾಗಿ ಹರಿದು ಹೋಗುತ್ತದೆ. ನೀರು ಕಡಿಮೆ ಇದ್ದರೆ ಗಟ್ಟಿ ಕೆಳಗೇ ಕೂತುಬಿಡುತ್ತದೆ. ಇಲ್ಲಿ ನಮ್ಮವರಿಗೊಂದು ಲಾಭ ಇದೆ, ಚೊಂಬು ಬಳಸುವ ಮನೆಗಳ ಬ್ಲ್ಯಾಕ್ ಟ್ಯಾಂಕು ಬೇಗ ತುಂಬಿದರೂ ಸಲೀಸಾಗಿ ಖಾಲಿಯಾಗುತ್ತದೆ. ನೀರು ಜಾಸ್ತಿ, ಪೇಪರ್ ಕಡಿಮೆ.

ಡಂಪ್ ಮಾಡುವಾಗ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಪೈಪಿನ ತುದಿಗೆ ಮೊಣಕೈಯಂತೆ ಬಾಗಿದ ಪಾರದರ್ಶಕ ತುಂಡೊಂದನ್ನು ಹಾಕಿ ಕೊಡುತ್ತೇನೆ, ಅದರೊಳಗೆ ನೋಡುತ್ತಿರಿ. ಕಂದು ನೀರು ತೆಳುವಾಗಿ ನಿಲ್ಲುತ್ತದೆ, ಗ್ರೇ ವಾಲ್ವ್ ಎಳೆದ ತಕ್ಷಣ ನೊರೆ ಬರುತ್ತದೆ, ಹಿಂದೆಯೇ ಒಂದೊಂದಾಗಿ ಕರಿಬೇವಿನ ಎಲೆಗಳು. ಯಾರ ಮನೆ ಗಾಡಿ ಅಂತ ಅಲ್ಲೇ ಗೊತ್ತಾಗುತ್ತದೆ. ತಟ್ಟೆಯನ್ನು ಪೇಪರ್ ಟವಲಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ ಅಂತ ಹೇಳಿದ್ದನ್ನು ಯಾರು ಕೇಳಿದ್ದಾರೆ, ಯಾರು ಕೇಳಿಲ್ಲ ಅನ್ನುವುದೂ ಅಲ್ಲೇ ಕಾಣುತ್ತದೆ. ಅಲ್ಲಿರುವ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ಹಿಡಿಯಬೇಡಿ. ಕುಡಿಯುವ ನೀರಿನ ನಲ್ಲಿ ಬೇರೆ ಇರುತ್ತದೆ, ಬೋರ್ಡ್ ಓದಿ.

ಇಷ್ಟೆಲ್ಲ ಓದಿಯೂ ರಾತ್ರಿ ಒಂಬತ್ತಕ್ಕೆ ಶವರಿನಲ್ಲಿ ನೀರು ಬಂತಾ? ನಲ್ಲಿ ಪಂಪಿನ ಸ್ವಿಚ್ ಆಫ್ ಮಾಡಿ. ಪಾತ್ರೆಗಳನ್ನು ಒರೆಸಿ ಒಂದು ಚೀಲಕ್ಕೆ ತುಂಬಿ ಗಾಡಿಯೊಳಗೇ ಇಡಿ, ಹೊರಗೆ ಇಟ್ಟರೆ ಪ್ರಾಣಿಗಳು ಬರುತ್ತವೆ. ಟಾಯ್ಲೆಟ್ ಬೇರೆ ಟ್ಯಾಂಕು, ಅದನ್ನು ಧಾರಾಳವಾಗಿ ಬಳಸಬಹುದು, ಮಕ್ಕಳನ್ನು ಹೆದರಿಸಬೇಡಿ. ಮೇಲೆ ಬಂದ ನೀರನ್ನು ಮಗ್ಗಿನಲ್ಲಿ ತೋಡಿ ಅದೇ ಟಾಯ್ಲೆಟ್ಟಿಗೆ ಹಾಕಿದರೆ ಆಯಿತು, ಬ್ಲ್ಯಾಕಿನಲ್ಲಿ ಜಾಗ ಇದ್ದರೆ. ಬೆಳಿಗ್ಗೆ ಲೋನ್ ಪೈನಿನ ದಕ್ಷಿಣಕ್ಕೆ, 395 ಮತ್ತು 136 ಸೇರುವ ಕಡೆ ವಿಸಿಟರ್ ಸೆಂಟರ್ ಇದೆ. ಅಲ್ಲಿ ಕೂತಿರುವವರನ್ನು ಈ ವಾರ ಯಾವ ಡಂಪ್ ಸ್ಟೇಷನ್ ತೆರೆದಿದೆ ಅಂತ ಕೇಳಿ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆರ್‌ವಿ ಪಾರ್ಕಿಗೆ ಹೋಗುವುದಾದರೆ ರಾತ್ರಿ ತಂಗಿದವರು ಹೊರಡುವ ಗಲಾಟೆ ಮುಗಿಯಲಿ, ಹನ್ನೊಂದರ ಮೇಲೆ ಹೋಗಿ. ಮೊದಲು ಆಫೀಸಿಗೆ ಹೋಗಿ ಕೇಳಿ, ಆಮೇಲೆ ಗಾಡಿ ಒಳಗೆ ತನ್ನಿ. ಚಿಲ್ಲರೆ ಕ್ಯಾಶ್ ಇಟ್ಟುಕೊಂಡಿರಿ.